ಆನೆ ಲದ್ದಿಯ ಜೀನ್ ಮತ್ತು ಹುಲ್ಲಿನ ಎಥೆನಾಲ್

ಇ20, ಅಂದರೆ ಶೇಕಡ 20 ಎಥೆನಾಲ್ ಇರುವ ಪೆಟ್ರೋಲಿಗೆ ಬೆರೆಯುವ ಎಥೆನಾಲ್ ಬಹುಪಾಲು ಕಬ್ಬು, ಮೆಕ್ಕೆಜೋಳ, ಅಕ್ಕಿಯದು. ಊಟದ ಬೆಳೆ ಮುಟ್ಟದೆ ಹುಲ್ಲು, ದಂಟಿನಿಂದಲೇ ತೆಗೆಯುತ್ತೇವೆ ಎಂದಿದ್ದ ಮಾತು ಏನಾಯಿತು ಎಂದು ಕೇಳಿದರೆ, ಯೀಸ್ಟ್ ಇನ್ನೂ ಪಳಗಿಲ್ಲ ಎಂಬ ಉತ್ತರ ಬರುತ್ತದೆ. ಇಪ್ಪತ್ತೈದು ವರ್ಷದ ಹಿಂದಾದರೆ ಒಪ್ಪಬಹುದಿತ್ತು.

ಹುಲ್ಲಿನಲ್ಲಿ ಮುಖ್ಯವಾಗಿ ಎರಡು ಸಕ್ಕರೆ: ಗ್ಲೂಕೋಸ್ ಮತ್ತು ಕ್ಸೈಲೋಸ್. ಬ್ರೆಡ್ ಉಬ್ಬಿಸುವ ಯೀಸ್ಟ್ ಮೊದಲನೆಯದನ್ನು ಗಬಗಬ ತಿಂದು ಮದ್ಯಸಾರ ಮಾಡುತ್ತದೆ, ಎರಡನೆಯದನ್ನು ಮೂಸಿಯೂ ನೋಡುವುದಿಲ್ಲ. ಮೆಕ್ಕೆಜೋಳದ ದಂಟಿನಲ್ಲಿ ಹೀಗೆ ಸುಮಾರು ಮೂರನೇ ಒಂದು ಪಾಲು ಸಕ್ಕರೆ ದಂಡ.

ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನಿಂದ ಶುರುವಾದ ಹುಡುಕಾಟಕ್ಕೆ 1993ರಲ್ಲಿ ಒಂದು ದಾರಿ ಕಂಡಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನ್ಸಿ ಹೋ ತಂಡ, ಕ್ಸೈಲೋಸ್ ತಿನ್ನಬಲ್ಲ ಇನ್ನೊಂದು ಯೀಸ್ಟ್‌ನ ಜೀನ್‌ಗಳನ್ನು ಬ್ರೆಡ್ಡಿನ ಯೀಸ್ಟಿಗೆ ಸೇರಿಸಿತು. ಕೆಲಸವೇನೋ ಆಯಿತು, ಲೆಕ್ಕ ಮಾತ್ರ ಕೂಡಲಿಲ್ಲ. ಆ ಜೀನ್‌ಗಳಿಂದ ಬಂದ ಎರಡು ಕಿಣ್ವಗಳು ಬಳಸುವ ಸಹಾಯಕ ಅಣುಗಳು ಬೇರೆ ಬೇರೆ: ಒಂದು ಡಾಲರ್ ಖರ್ಚು ಮಾಡುತ್ತದೆ, ಮತ್ತೊಂದು ರೂಪಾಯಿ ದುಡಿಯುತ್ತದೆ ಅನ್ನಿ. ಜೀವಕೋಶದೊಳಗೆ ನೋಟು ಬದಲಿಸುವ ಕೌಂಟರಿಲ್ಲ. ಅರ್ಧಕ್ಕೆ ನಿಂತ ಸಕ್ಕರೆ ಕ್ಸೈಲಿಟಾಲ್ ಆಗಿ ಗುಡ್ಡೆ ಬೀಳುತ್ತಿತ್ತು. ಚೂಯಿಂಗ್ ಗಮ್ಮಿಗೆ ಹಾಕುತ್ತಾರಲ್ಲ, ಅದೇ.

ಈ ಜಂಜಾಟವಿಲ್ಲದೆ ಒಂದೇ ಹೆಜ್ಜೆಯಲ್ಲಿ ಕೆಲಸ ಮುಗಿಸುವ ಕಿಣ್ವ ಬ್ಯಾಕ್ಟೀರಿಯಾಗಳಲ್ಲಿತ್ತು. ಯೀಸ್ಟ್‌ನೊಳಗೆ ಅದು ನೆಟ್ಟಗೆ ನಡೆಯಲಿಲ್ಲ. ಕೊನೆಗೆ ಸಿಕ್ಕಿದ್ದು ಭಾರತೀಯ ಆನೆಯ ಲದ್ದಿಯಿಂದ ಬೇರ್ಪಡಿಸಿದ ಪೈರೋಮೈಸಿಸ್ ಎಂಬ ಶಿಲೀಂಧ್ರದಲ್ಲಿ. 2003ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನ ಸಂಶೋಧಕರು ಅದರ ಜೀನನ್ನು ಯೀಸ್ಟಿಗೆ ಹಾಕಿದರು. ಆ ಯೀಸ್ಟ್ ಕ್ಸೈಲೋಸ್ ಮೇಲೆ ಒಂದಕ್ಕೆರಡಾಗಲು ದಿನಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಮುಂದಿನದು ನಮ್ಮ ರೈತರಿಗೂ ಗೊತ್ತಿರುವ ಉಪಾಯ: ಚುರುಕಾಗಿ ಬೆಳೆದದ್ದನ್ನೇ ಬೀಜಕ್ಕಿಟ್ಟು, ಮತ್ತೆ ಬೆಳೆಸಿ, ಮತ್ತೆ ಆರಿಸುವುದು. ಯೀಸ್ಟ್ ದಾರಿಗೆ ಬಂತು.

2014-15ರಲ್ಲಿ ಅಮೆರಿಕದ ಅಯೋವಾ, ಕಾನ್ಸಸ್‌ಗಳಲ್ಲಿ ದಂಟು, ಹುಲ್ಲಿನಿಂದ ಎಥೆನಾಲ್ ತೆಗೆಯುವ ಮೂರು ದೊಡ್ಡ ಘಟಕಗಳು ಉದ್ಘಾಟನೆಯಾದವು. 2019 ಮುಗಿಯುವಷ್ಟರಲ್ಲಿ ಮೂರೂ ನಿಂತಿದ್ದವು. ದಂಟಿನ ಜೊತೆ ಮಣ್ಣು, ಕಲ್ಲು ಬರುತ್ತಿತ್ತು. ದಂಟನ್ನು ಬೇಯಿಸಿ ಸಡಿಲಿಸುವಾಗ ಹುಟ್ಟುವ ಅಸಿಟಿಕ್ ಆಮ್ಲ, ಫರ್ಫ್ಯುರಲ್ ಯೀಸ್ಟಿಗೆ ವಿಷ. ದಂಟನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ದುಬಾರಿ, ಅದೇ ಹೊತ್ತಿಗೆ ಕಚ್ಚಾತೈಲ ಅಗ್ಗ.

ನಮ್ಮಲ್ಲಿ 2022ರ ಆಗಸ್ಟ್‌ನಲ್ಲಿ ಹರಿಯಾಣದ ಪಾಣಿಪತ್ ಘಟಕ ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ತೆಗೆಯುವ ಗುರಿ. ಅಂದರೆ ದಿನಕ್ಕೆ ಸುಮಾರು 550 ಟನ್ ಹುಲ್ಲು. ಅಷ್ಟನ್ನೂ ಭತ್ತದ ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವಿನ ಕೆಲವೇ ವಾರಗಳಲ್ಲಿ ಕೂಡಿಹಾಕಿ, ವರ್ಷಪೂರ್ತಿ ನೆನೆಯದಂತೆ ಕಾಯಬೇಕು. ದಾವಣಗೆರೆ ಜಿಲ್ಲೆಯ ಹರಿಹರದಲ್ಲೂ ಇಂಥದೊಂದು ಘಟಕಕ್ಕೆ ಯೋಜನೆ ಹಾಕಲಾಗಿತ್ತು. ಹರಿಯಾಣದಲ್ಲಿ ಬೆಂಕಿಗೆ ಹೋಗುವ ಹುಲ್ಲನ್ನು ಇಲ್ಲಿ ಬಣವೆ ಒಟ್ಟುತ್ತಾರೆ. ಬೇಸಿಗೆಯಲ್ಲಿ ಅದನ್ನು ಕೊಳ್ಳಲು ದನ ಕಟ್ಟಿದವರು ಕಾಯುತ್ತಿರುತ್ತಾರೆ.