ವರ್ಚುವಲ್ ಪ್ರೊಸೆಸರುಗಳ ಸಂಖ್ಯೆ ಏಕೆ ಸಾಲಾಗಿ ಬರುವುದಿಲ್ಲ?

ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಎರಡು ಸಾಕೆಟ್ (ಚಿಪ್ ಕೂರುವ ಜಾಗ), ಸಾಕೆಟ್ಟಿಗೆ ಮೂರು ಕೋರ್ (ಲೆಕ್ಕ ಮಾಡುವ ಘಟಕ) ಇರುವ ವರ್ಚುವಲ್ ಯಂತ್ರವನ್ನು, ಅಂದರೆ ತಂತ್ರಾಂಶವೇ ರೂಪಿಸುವ ಗಣಕವನ್ನು, ಲಿನಕ್ಸ್‌ನೊಳಗಿನ ಕೆವಿಎಂ ಎಂಬ ವ್ಯವಸ್ಥೆಯಲ್ಲಿ ಕಟ್ಟಿದ ವಿದ್ಯಾರ್ಥಿಗೆ ಅದರ ಪ್ರೊಸೆಸರುಗಳ ಗುರುತಾದ ಎಪಿಐಸಿ ಸಂಖ್ಯೆಗಳು 0, 1, 2, 4, 5, 6 ಎಂದು ಕಾಣುತ್ತವೆ. 3 ಎಂಬ ಸಂಖ್ಯೆ ಕಳೆದುಹೋಗಿಲ್ಲ, ಅದನ್ನು ಯಾರಿಗೂ ಕೊಟ್ಟಿಲ್ಲ, ಅಷ್ಟೇ.

ಐಬಿಎಂ 1972ರಲ್ಲಿ ವಿಎಂ/370 ಹೊರತಂದಾಗ ದೊಡ್ಡ ಗಣಕಗಳ ಸೊತ್ತಾಗಿದ್ದ ವರ್ಚುವಲ್ ಯಂತ್ರ, 2007ರಲ್ಲಿ ಲಿನಕ್ಸ್ 2.6.20ರೊಂದಿಗೆ ಕೆವಿಎಂ ಬರುವ ಹೊತ್ತಿಗೆ ಸಾಮಾನ್ಯ ಪಿಸಿಗೂ ಇಳಿದಿತ್ತು. ಕೆವಿಎಂನಲ್ಲಿ ಪ್ರತಿ ಪ್ರೊಸೆಸರ್ ಸೃಷ್ಟಿಸುವಾಗಲೂ ಒಂದು ಸಂಖ್ಯೆ ಕೊಡಬೇಕು. ಸಾಮಾನ್ಯ ಪಿಸಿಗಳ ಎಕ್ಸ್86 ಪ್ರೊಸೆಸರ್ ಬಗೆಯಲ್ಲಿ ಅದೇ ಎಪಿಐಸಿ ಗುರುತಾಗುತ್ತದೆ, ಅಂದರೆ ಇಂಟರಪ್ಟ್ (ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ) ತಲುಪಬೇಕಾದ ವಿಳಾಸ. ಅದರ ಬಿಟ್‌ಗಳು ಸಾಕೆಟ್, ಕೋರ್, ಥ್ರೆಡ್ (ಒಂದು ಕೋರ್ ಒಟ್ಟಿಗೇ ನಡೆಸುವ ಕೆಲಸದ ಎಳೆ) ಎಂದು ಪಾಲಾಗಿರುವುದರಿಂದ ಮೂರು ಕೋರ್‌ಗಳಿಗೂ ಎರಡು ಬಿಟ್, ಎಂದರೆ ನಾಲ್ಕು ಸ್ಥಾನ ಮೀಸಲಿಡಬೇಕಾಗುತ್ತದೆ. ಹಾಸ್ಟೆಲ್‌ನಲ್ಲಿ ಒಂದನೆಯ ಮಹಡಿಯ ಕೋಣೆಗಳು 112ಕ್ಕೇ ಮುಗಿದರೂ ಮೇಲಿನ ಮಹಡಿ 201ರಿಂದಲೇ ಆರಂಭವಾಗುವ ಹಾಗೆ.

ಈ ವಿಳಾಸವನ್ನು ಎಣಿಕೆ ಎಂದು ಭಾವಿಸಿ ಬರೆದ ತಂತ್ರಾಂಶಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಐಬಿಎಂನ ಪವರ್ ಪ್ರೊಸೆಸರ್ ಯಂತ್ರಗಳಲ್ಲಿ. ಪವರ್8ರ ಒಂದು ಕೋರ್‌ಗೆ ಎಂಟು ಥ್ರೆಡ್. ಪ್ರೊಸೆಸರಿನ ಸಂಖ್ಯೆಯನ್ನು ಎಂಟರಿಂದ ಭಾಗಿಸಿದರೆ ಅದು ಯಾವ ವರ್ಚುವಲ್ ಕೋರ್‌ಗೆ ಸೇರಿದ್ದು ಎಂಬುದು ಸಿಗುತ್ತದೆ. ಹೀಗಾಗಿ ಕೋರ್‌ಗೆ ಒಂದೇ ಥ್ರೆಡ್ ಕೇಳಿದ ಯಂತ್ರದ ಸಂಖ್ಯೆಗಳು 0, 8, 16 ಎಂದು ಜಿಗಿಯುತ್ತಿದ್ದವು, ಪ್ರೊಸೆಸರುಗಳು ಕಡಿಮೆ ಇದ್ದರೂ ಸಂಖ್ಯೆಯ ಮಿತಿ ಬೇಗನೆ ಮುಟ್ಟುತ್ತಿತ್ತು. ಎಷ್ಟು ಪ್ರೊಸೆಸರ್ ಇರಬಹುದು, ಅತಿ ದೊಡ್ಡ ಸಂಖ್ಯೆ ಯಾವುದಿರಬಹುದು ಎಂಬ ಎರಡು ಮಿತಿಗಳನ್ನು ಕೆವಿಎಂ ಬೇರೆ ಮಾಡಿದ್ದು 2016ರಲ್ಲಿ. ಮೊದಲ ದಿನವೇ ಆಗಬೇಕಿದ್ದ ಕೆಲಸ ಅದು.

ಆರ್ಮ್ ಬಗೆಯ ಪ್ರೊಸೆಸರುಗಳಲ್ಲಿ ಲೆಕ್ಕ ಮತ್ತೊಂದು ಬಗೆಯದು. ಜಿಐಸಿ-3 ಇಂಟರಪ್ಟ್ ನಿಯಂತ್ರಕವು ಪ್ರೊಸೆಸರುಗಳ ನಡುವಿನ ಇಂಟರಪ್ಟನ್ನು ಹದಿನಾರರ ಗುಂಪಿಗೆ ಒಮ್ಮೆಗೆ ಕಳಿಸುವುದರಿಂದ ಕೆವಿಎಂ ಕೂಡ ಹದಿನಾರರಂತೆ ಗುಂಪು ಮಾಡುತ್ತದೆ. ವಿಳಾಸದಲ್ಲಿ ಗುಂಪಿನ ಸಂಖ್ಯೆ ಮುಂದಿನ ಬೈಟ್‌ನಲ್ಲಿ ಕೂರುವುದರಿಂದ ಹದಿನೇಳನೆಯ ಪ್ರೊಸೆಸರಿನ ವಿಳಾಸ 16 ಆಗದೆ 256 ಆಗುತ್ತದೆ. ರಿಸ್ಕ್-ವಿ ಎಂಬ ಇನ್ನೊಂದು ಪ್ರೊಸೆಸರ್ ಬಗೆಯಲ್ಲಿ ಕೊಟ್ಟ ಸಂಖ್ಯೆಯೇ ಹಾರ್ಟ್ (ಹಾರ್ಡ್‌ವೇರ್ ಥ್ರೆಡ್) ಗುರುತು.

ಕೆವಿಎಂ ಜೊತೆ ವರ್ಚುವಲ್ ಯಂತ್ರ ನಡೆಸುವ ತಂತ್ರಾಂಶವಾದ ಕ್ಯೂಇಎಂಯುವಿನ, ಅದೇ 2016ರಲ್ಲಿ ಬಂದ 2.7 ಆವೃತ್ತಿಯು, ಓಡುತ್ತಿರುವ ಯಂತ್ರಕ್ಕೆ ಯಾವ ಯಾವ ಪ್ರೊಸೆಸರ್ ಸೇರಿಸಬಹುದು ಎಂದು ಕೇಳುವ ಆಜ್ಞೆಯನ್ನು ಒದಗಿಸಿತು. ಎಕ್ಸ್86ರಲ್ಲಿ ಉತ್ತರ ಸಾಕೆಟ್, ಕೋರ್, ಥ್ರೆಡ್ ಎಂದು ಬರುತ್ತದೆ. ಪವರ್‌ನಲ್ಲಿ ಸೇರಿಸುವುದೇ ಇಡೀ ಕೋರ್ ಆದ್ದರಿಂದ ಕೋರ್‌ನ ಗುರುತು ಮಾತ್ರ. ಆಡಳಿತ ಸಾಧನಗಳನ್ನು ಬರೆಯುವವರು ಈ ಪಟ್ಟಿಯನ್ನು ಯಂತ್ರದಿಂದಲೇ ಕೇಳಿ ಪಡೆಯಬೇಕು, ಸೊನ್ನೆಯಿಂದ ತಾವೇ ಎಣಿಸಿಕೊಂಡು ಹೋಗಬಾರದು.