ನೋಯುವ ಮಣಿಕಟ್ಟಿಗೆ ವ್ಯಾಯಾಮ ಮಾಡಿಸಬಹುದಾ?

ಪ್ರಶ್ನೆ: ನಾವು ಪುಣೆಯಲ್ಲಿದ್ದೇವೆ. ಮಗನಿಗೆ 19 ವರ್ಷ, ಇಂಜಿನಿಯರಿಂಗ್ ಎರಡನೇ ವರ್ಷ. ಸಬ್ಮಿಷನ್ ಬರೆಯುವಾಗ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಈಗ ಗಣಪತಿ ಹಬ್ಬದ ಢೋಲ್ ಪಥಕಕ್ಕೆ (ಮೆರವಣಿಗೆಯಲ್ಲಿ ಢೋಲು ಬಾರಿಸುವ ತಂಡಕ್ಕೆ) ಸೇರಿದ್ದಾನೆ, ನೋವು ಜಾಸ್ತಿಯಾಗಿದೆ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಡಾಕ್ಟರು ವ್ಯಾಯಾಮ ಹೇಳಿದ್ದಾರೆ. ನೋಯುವ ಕೈಗೆ ವ್ಯಾಯಾಮ ಮಾಡಿಸಿದರೆ ಇನ್ನೂ ಹಾಳಾಗುವುದಿಲ್ವಾ? ಈ ಸಲ ಮೆರವಣಿಗೆಯಲ್ಲಿ ಬಾರಿಸಬಹುದಾ?

ಉತ್ತರ: ಹಾಳಾಗುವುದಿಲ್ಲ, ಅಳತೆ ತಪ್ಪದಿದ್ದರೆ. ಪುಣೆಯಲ್ಲಿ ಫಿಸಿಯೋ ಆಗಿರುವ ನನ್ನ ಹತ್ತಿರ ಆಷಾಢ ಬಂತೆಂದರೆ ಇಂಥ ಹುಡುಗ ಹುಡುಗಿಯರು ಬರುತ್ತಲೇ ಇರುತ್ತಾರೆ. ಜೊತೆಗೆ ಅವರ ಅಮ್ಮಂದಿರು. ಊರು ಬೆಳಗಾವಿ, ವಿಜಯಪುರದ ಕಡೆ ಎಂದು ಗೊತ್ತಾದ ಕೂಡಲೇ ಮಾತು ಕನ್ನಡಕ್ಕೆ ಹೊರಳುತ್ತದೆ. ಕೇಳುವುದೂ ಇದನ್ನೇ: "ನೋಯೋ ಕೈಗೆ ಮತ್ಯಾಕ್ರೀ ತ್ರಾಸು ಕೊಡೋದು?"

ಒಂದು ಕೆಲಸ ಮಾಡಿ. ಎಡಗೈಯಿಂದ ಬಲಗೈಯನ್ನು ಮೊಣಕೈಯ ಸ್ವಲ್ಪ ಕೆಳಗೆ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ಆಡಿಸಿ. ಹಿಡಿದ ಜಾಗದಲ್ಲಿ ಮಾಂಸ ಮಿಸುಕುತ್ತದೆ, ಅಲ್ವಾ? ಮಣಿಕಟ್ಟಿನಲ್ಲಿ ಇರುವುದು ಎಂಟು ಪುಟ್ಟ ಮೂಳೆಗಳು. ಅದನ್ನು ಆಡಿಸುವ ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿವೆ. ಅಲ್ಲಿಂದ ಹುರಿಗಳ ಹಾಗೆ ಟೆಂಡನ್‌ಗಳು ಮಣಿಕಟ್ಟು ದಾಟಿ ಬೆರಳಿನವರೆಗೆ ಹೋಗುತ್ತವೆ. ಬರೆಯುವಾಗ, ಟ್ರಾಫಿಕ್‌ನಲ್ಲಿ ಬೈಕಿನ ಬ್ರೇಕು ಹಿಡಿಯುವಾಗ, ಢೋಲಿಗೆ ಟಿಪರೂ (ಬಾರಿಸುವ ಕೋಲು) ಹೊಡೆಯುವಾಗ ಎಳೆತ ಬೀಳುವುದು ಈ ಹುರಿಗಳ ಮೇಲೆ.

ಹುರಿ ತಡೆಯುವುದಕ್ಕಿಂತ ಜಾಸ್ತಿ ಕೆಲಸ ಒಮ್ಮೆಲೇ ಬಿದ್ದರೆ ನೋವು ಬರುತ್ತದೆ. ವರ್ಷವಿಡೀ ಮೊಬೈಲ್ ಬಿಟ್ಟು ಬೇರೇನೂ ಹಿಡಿಯದ ಕೈಗೆ ಒಂದೇ ವಾರದಲ್ಲಿ ಕಾಲೇಜಿನ ನಾಲ್ಕು ಜರ್ನಲ್ ಬರೆಸುತ್ತೇವೆ. ಆಮೇಲೆ ದಿನಾ ಸಂಜೆ ಎರಡು ತಾಸು ಢೋಲು. ಕೈ ತಾನೇ ಏನು ಮಾಡೀತು?

ಆಗ ಕ್ರೇಪ್ ಬ್ಯಾಂಡೇಜ್ ಸುತ್ತಿ ಸುಮ್ನೆ ಇಟ್ಟರೆ ನೋವು ಇಳಿಯುತ್ತದೆ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಪ್ಲಾಸ್ಟರ್ ಬಿಚ್ಚಿದಾಗ ಕೈ ಹೇಗೆ ಸಣಕಲಾಗಿರುತ್ತದೆ ನೋಡಿದ್ದೀರಲ್ಲ? ಕೆಲಸ ಕೊಡದ ಸ್ನಾಯು ಸೊರಗುತ್ತದೆ, ಟೆಂಡನ್ನೂ ಬಲ ಕಳೆದುಕೊಳ್ಳುತ್ತದೆ. ತಿಂಗಳು ಬಿಟ್ಟು ಮತ್ತೆ ಢೋಲು ಹಿಡಿದರೆ ಮೊದಲಿಗಿಂತ ಬಡವಾದ ಕೈಗೆ ಅದೇ ಭಾರ. ಮೂರನೇ ದಿನಕ್ಕೆ ನೋವು ವಾಪಸ್. ತೀರಾ ನೋಯುತ್ತಿದ್ದರೆ ಕೆಲವು ದಿನ ಬ್ಯಾಂಡೇಜ್ ಇರಲಿ, ತಿಂಗಳುಗಟ್ಟಲೆ ಬೇಡ.

ನಾನು ಹೇಗೆ ಶುರು ಮಾಡಿಸುತ್ತೇನೆ ಹೇಳುತ್ತೇನೆ. ಊಟದ ಟೇಬಲ್ ಮೇಲೆ ಮುಂಗೈ ಇಡಬೇಕು, ಅಂಗೈ ಕೆಳಮುಖವಾಗಿ. ಮಣಿಕಟ್ಟು ಅಂಚಿನಾಚೆ ಇರಲಿ. ಇನ್ನೊಂದು ಕೈಯನ್ನು ಮೇಲಿಟ್ಟು ತಡೆಯಬೇಕು, ನೋಯುವ ಕೈ ಮೇಲಕ್ಕೆ ಒತ್ತಬೇಕು, ಆದರೆ ಅಲುಗಬಾರದು. ಹೀಗೆ 30 ಸೆಕೆಂಡ್ ಹಿಡಿಯುವುದು, ನಾಲ್ಕೈದು ಸಲ. ಕೀಲು ಆಡದೆ ಸ್ನಾಯುವಿಗೆ ಮಾತ್ರ ಕೆಲಸ ಸಿಗುತ್ತದೆ. ಎಷ್ಟೋ ಜನರಿಗೆ ಇದರಿಂದಲೇ ನೋವು ಸ್ವಲ್ಪ ಹಗುರಾಗುತ್ತದೆ.

ಒಂದೆರಡು ವಾರದ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ. ತುಂಬಿದರೆ ಅರ್ಧ ಕಿಲೋ. ಮೊದಲು ಕಾಲು ಭಾಗ ನೀರು ಸಾಕು. ಮುಂಗೈಯನ್ನು ಅದೇ ರೀತಿ ಟೇಬಲ್ ಮೇಲಿಟ್ಟು ಬಾಟಲಿ ಹಿಡಿದು, ಇನ್ನೊಂದು ಕೈಯ ಸಹಾಯದಿಂದ ಎತ್ತಿ, ನೋಯುವ ಕೈಯೊಂದರಿಂದಲೇ ನಿಧಾನ ಇಳಿಸಬೇಕು. ಗುಟ್ಟು ಇರುವುದು ಈ ಇಳಿಸುವುದರಲ್ಲೇ. ಮೊನ್ನೆ ಒಬ್ಬ ಹುಡುಗಿ ಹತ್ತು ಸಲ ಮಾಡಿ "ಆಯ್ತು" ಅಂದಳು. ನೋಡಿದರೆ ಬಾಟಲಿ ಇಳಿಯುತ್ತಲೇ ಇರಲಿಲ್ಲ, ಬೀಳುತ್ತಿತ್ತು. ಜೋರಾಗಿ ಎಣಿಸು ಅಂದೆ. ಒಂದು, ಎರಡು, ಮೂರು ಬರುವಷ್ಟರಲ್ಲಿ ಕೈ ಗಡಗಡ ನಡುಗಿ ಬಾಟಲಿಯೊಳಗಿನ ನೀರು ತುಳುಕಾಡಿತು. ಬಲ ಎಲ್ಲಿ ಸಾಲುತ್ತಿಲ್ಲ ಎಂದು ಆಗ ಅವಳಿಗೇ ಗೊತ್ತಾಯಿತು. ಆರನೇ ವಾರಕ್ಕೆ ಬಾಟಲಿ ಪೂರ್ತಿ ತುಂಬಿತ್ತು, ನೀರು ಅಲುಗುತ್ತಿರಲಿಲ್ಲ.

10 ಸಲ ಮಾಡುವುದು, ಒಂದು ನಿಮಿಷ ಬಿಟ್ಟು ಮತ್ತೆ, ಹೀಗೆ ಮೂರು ಸುತ್ತು. ದಿನ ಬಿಟ್ಟು ದಿನ ಸಾಕು. ಜೊತೆಗೆ ಲಟ್ಟಣಿಗೆಯನ್ನು ಒಂದು ತುದಿಯಲ್ಲಿ ಸುತ್ತಿಗೆಯ ಹಾಗೆ ಹಿಡಿದು ಆಚೆ ಈಚೆ ನಿಧಾನ ವಾಲಿಸುವುದು. ನೋವು ತಗ್ಗಿದ ಮೇಲೆ ಗೋಡೆಗೆ ಕೈಯೂರಿ ಪುಷ್‌ಅಪ್. ಭುಜದ ವ್ಯಾಯಾಮವನ್ನೂ ಸೇರಿಸುತ್ತೇನೆ. ಭುಜ ಸೋತರೆ ಆ ಕೆಲಸವೂ ಮಣಿಕಟ್ಟಿನ ಮೇಲೆ ಬೀಳುತ್ತದೆ.

ಮಾಡುವಾಗ ನೋಯಬಹುದಾ? ಹತ್ತರಲ್ಲಿ ಎರಡು ಮೂರರಷ್ಟು ನೋವು ಇದ್ದರೆ ನಡೆಯುತ್ತದೆ. ಅಳತೆಗೋಲು ಮರುದಿನ ಬೆಳಗ್ಗೆ. ಎದ್ದಾಗ ನೋವು ನಿನ್ನೆಯಷ್ಟೇ ಇದ್ದರೆ ಸರಿಯಾಗಿ ಮಾಡಿದ್ದಾನೆ. ಹೆಚ್ಚಿದ್ದರೆ ಬಾಟಲಿಯಿಂದ ಸ್ವಲ್ಪ ನೀರು ಚೆಲ್ಲಿ, ವ್ಯಾಯಾಮ ನಿಲ್ಲಿಸಬೇಡಿ.

ಹೆಬ್ಬೆರಳಿನ ಬುಡದ ಕಡೆ ನೋವಿದ್ದರೆ ಒಂದು ಎಚ್ಚರ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಕೈಯನ್ನು ಕಿರುಬೆರಳಿನ ಕಡೆ ಬಗ್ಗಿಸಿದಾಗ ಚುಳ್ಳೆಂದರೆ ಅದು ಡಿ ಕರ್ವೇನ್ ಎಂಬ, ಹೆಬ್ಬೆರಳಿನ ಟೆಂಡನ್‌ಗಳ ತೊಂದರೆ ಇರಬಹುದು. ಸ್ವಿಟ್ಜರ್ಲೆಂಡಿನ ಸರ್ಜನ್ ಡಿ ಕರ್ವೇನ್ 1895ರಲ್ಲಿ ಇದರ ಬಗ್ಗೆ ಬರೆದರು, ಅವರ ಹೆಸರೇ ಉಳಿಯಿತು. ಅಂಥವರು ಸ್ಪಂಜಿನ ಚೆಂಡು ಹಿಸುಕುತ್ತಾ ಕೂತರೆ ನೋವು ಕೆರಳುತ್ತದೆ. ಈ ಪರೀಕ್ಷೆಯನ್ನು ಮೆತ್ತಗೆ ಒಂದೇ ಸಲ ಮಾಡಿ, ಮತ್ತೆ ಮತ್ತೆ ಬೇಡ.

ಇನ್ನು, ಬೈಕಿನಿಂದ ಕೈಯೂರಿ ಬಿದ್ದದ್ದೇನಾದರೂ ಇದೆಯಾ, ಮಗನನ್ನು ಕೇಳಿ. ಮಕ್ಕಳು ಮನೆಯಲ್ಲಿ ಹೇಳಿರುವುದಿಲ್ಲ. ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋಯುವ ಸ್ಕೇಫಾಯಿಡ್ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. 10ರಿಂದ 14 ದಿನದ ಮೇಲೆ ಇನ್ನೊಮ್ಮೆ ತೆಗೆಸಬೇಕಾಗುತ್ತದೆ. ಊತ, ಜ್ವರ, ರಾತ್ರಿ ಎಚ್ಚರಿಸುವ ನೋವು, ಬೆರಳು ಜೋಮು ಹಿಡಿಯುವುದು, ಬೆಳಗ್ಗೆ ಹಲವು ಕೀಲುಗಳು ಬಿಗಿದಿರುವುದು ಇದ್ದರೂ ವ್ಯಾಯಾಮಕ್ಕಿಂತ ಮೊದಲು ಡಾಕ್ಟರಿಗೆ ಮತ್ತೆ ತೋರಿಸಿ. ಇನ್ನೂ ಬೆಳೆಯುತ್ತಿರುವ ತಮ್ಮ ತಂಗಿಯರಿಗೆ ಇದನ್ನೇ ಮಾಡಿಸಬೇಡಿ. ಅವರ ಮೂಳೆಯ ತುದಿ ಇನ್ನೂ ಮೆದುವಾಗಿರುತ್ತದೆ, ಲೆಕ್ಕ ಬೇರೆ.

ಈಗ ಮೆರವಣಿಗೆ. ಆರು ವಾರಕ್ಕೆ ಗುಣ ಕಾಣುತ್ತದೆ, ಪೂರ್ತಿ ಬಲ ಬರಲು ಮೂರು ತಿಂಗಳೂ ಹಿಡಿಯಬಹುದು. ಪಥಕ ಬಿಡಿಸಬೇಡಿ. ಬಿಡಿಸಿದರೆ ಅವನು ವ್ಯಾಯಾಮವನ್ನೂ ಬಿಡುತ್ತಾನೆ, ಇದನ್ನು ತುಂಬಾ ಸಲ ನೋಡಿದ್ದೇನೆ. ಸದ್ಯ ದಿನ ಬಿಟ್ಟು ದಿನ ಹೋಗಲಿ, ಕಾಲು ಗಂಟೆ ಬಾರಿಸಲಿ, ಟಿಪರೂ ಸಡಿಲವಾಗಿ ಹಿಡಿಯಲಿ. ಮರುದಿನ ಬೆಳಗ್ಗೆ ಕೈ ಸುಮ್ಮನಿದ್ದರೆ ವಾರಕ್ಕೆ ಐದು ನಿಮಿಷ ಏರಿಸಬಹುದು. ಪುಣೆಯ ವಿಸರ್ಜನೆ ಮೆರವಣಿಗೆ ಒಂದು ಹಗಲು ರಾತ್ರಿ ದಾಟಿ ನಡೆಯುತ್ತದೆ. ಅಷ್ಟು ಹೊತ್ತು ಢೋಲು ಅವನೊಬ್ಬನದೇ ಆಗಬಾರದು. ನಡುನಡುವೆ ತನ್ನ ಬದಲು ಬಾರಿಸಲು ಗೆಳೆಯನೊಬ್ಬನನ್ನು ಈಗಲೇ ಗೊತ್ತು ಮಾಡಿಕೊಳ್ಳಲು ಹೇಳಿ.