ಮೂರನೇ ಸಲಕ್ಕೆ ಆನ್ ಆಗುವ ಕಂಪ್ಯೂಟರ್

ಕಂಪ್ಯೂಟರ್ ಕೈಕೊಟ್ಟರೆ ನಮ್ಮಲ್ಲಿ ಮೊದಲ ಚಿಕಿತ್ಸೆ ರಿಫ್ರೆಶ್. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಒಮ್ಮೆ ರಿಫ್ರೆಶ್ ಒತ್ತುವುದು, ಸಮಾಧಾನಕ್ಕೆ ಇನ್ನೆರಡು ಸಲ ಒತ್ತುವುದು, ಆಮೇಲೆ ಕೆಲಸ ಶುರು. ಅದು ಪರದೆ ಮೇಲಿನ ಐಕಾನ್‌ಗಳನ್ನು ಮತ್ತೊಮ್ಮೆ ಬಿಡಿಸುತ್ತದೆ, ಅಷ್ಟೇ. ಮೆಮೊರಿ ಖಾಲಿಯಾಗುವುದಿಲ್ಲ, ವೇಗವೂ ಹೆಚ್ಚುವುದಿಲ್ಲ. ಅದಕ್ಕೆ ಬಗ್ಗದಿದ್ದರೆ ಫಾರ್ಮ್ಯಾಟ್ ಹೊಡೆಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ತೀರ್ಪು ಬಂತು: "ವಯಸ್ಸಾಯ್ತು ಸಾರ್, ಹೊಸದು ತಗೊಂಡ್ಬಿಡಿ."

ಈ ತೀರ್ಪಿನ ಮೇಲೆ ನನ್ನ ತಕರಾರಿದೆ. ಕಂಪ್ಯೂಟರಿಗೆ ಮೈಯೆಲ್ಲ ಒಟ್ಟಿಗೆ ವಯಸ್ಸಾಗುವುದಿಲ್ಲ. ಪ್ರೊಸೆಸರಿನ ಲಯ ಕಾಯುವುದು ಒಂದು ಕ್ವಾರ್ಟ್ಜ್ ಹರಳು. ಹತ್ತು ವರ್ಷದ ನಂತರವೂ ಅದು ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಮಿಡಿಯುತ್ತದೆ. ನಿಧಾನವಾದದ್ದಕ್ಕೆ ಕಾರಣ ಹೊಸ ಸಾಫ್ಟ್‌ವೇರಿನ ಹಸಿವು ಇರಬಹುದು, ಹಳೇ ಹಾರ್ಡ್ ಡಿಸ್ಕ್ ಇರಬಹುದು, ಫ್ಯಾನಿಗೆ ಮೆತ್ತಿದ ಧೂಳು ಇರಬಹುದು. ಬಿಸಿ ಜಾಸ್ತಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇವೆಲ್ಲ ಗೊತ್ತಿರುವ ವಿಷಯ, ಬಿಡಿ. ನನಗೆ ಕುತೂಹಲ ಇರುವುದು ನಂಬಿಕೆಗೆಟ್ಟ ಕಂಪ್ಯೂಟರಿನ ಮೇಲೆ. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಎರಡನೇ ಸಲವೂ ಹಾಗೇ. ಮೂರನೇ ಸಲಕ್ಕೆ ಏನೂ ಆಗೇ ಇಲ್ಲ ಅನ್ನುವಂತೆ ಆನ್ ಆಗುತ್ತದೆ. ಸಂಜೆಯವರೆಗೆ ಸರಿ ಇರುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ರಾಗ. ಇದನ್ನು ಹಟ ಅನ್ನುವವರಿದ್ದಾರೆ, ದೃಷ್ಟಿಯಾಗಿದೆ ಎಂದು ಕ್ಯಾಬಿನೆಟ್ಟಿನ ಮೇಲೆ ನಿಂಬೆಹಣ್ಣು ಇಡುವವರೂ ಇದ್ದಾರೆ.

ಇಲ್ಲಿ ನಾನು ಮೊದಲು ಅನುಮಾನಿಸುವುದು ಕಪಾಸಿಟರನ್ನು, ಅಂದರೆ ಚಾರ್ಜ್ ಕೂಡಿಟ್ಟುಕೊಳ್ಳುವ ಬಿಡಿಭಾಗವನ್ನು.

ಹಳೇ ಕಂಪ್ಯೂಟರಾದರೆ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ ನೋಡಿ. ಪ್ರೊಸೆಸರಿನ ಸುತ್ತ ಬೆರಳ ತುದಿಗಿಂತ ಚಿಕ್ಕದಾದ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಅವೇ ಕಪಾಸಿಟರುಗಳು. ಒಂದೊಂದರೊಳಗೂ ಎರಡು ಅಲ್ಯೂಮಿನಿಯಂ ಹಾಳೆಗಳನ್ನು ಸುರುಳಿ ಸುತ್ತಿಟ್ಟಿದ್ದಾರೆ. ನಡುವೆ ಕಾಗದ. ಆ ಕಾಗದ ಎಲೆಕ್ಟ್ರೋಲೈಟ್ ಎಂಬ ದ್ರವದಲ್ಲಿ ನೆಂದಿರುತ್ತದೆ. ಒಂದು ಹಾಳೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ. ಚಾರ್ಜ್ ಕೂಡುವುದು ಈ ಪದರದ ಆಚೆ ಈಚೆ. ದ್ರವ ಇರುವವರೆಗೆ ಡಬ್ಬಿಗೆ ಜೀವ.

ಇದರ ಕೆಲಸವೇನು? 65 ವ್ಯಾಟ್ ಪ್ರೊಸೆಸರ್ ಅಂದರೆ ಬಲ್ಬಿನಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಅದು ಓಡುವುದು ಸುಮಾರು 1.2 ವೋಲ್ಟಿನಲ್ಲಿ. ಭಾಗಿಸಿ ನೋಡಿ, 50 ಆಂಪಿಯರ್ ದಾಟುತ್ತದೆ. ಮನೆಯ 2 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್! ಇಷ್ಟು ಕರೆಂಟ್ ಒಂದೇ ಸಮನೆಯೂ ಬೇಕಾಗುವುದಿಲ್ಲ. ಸುಮ್ನೆ ಕೂತಾಗ ಕೆಲವೇ ಆಂಪಿಯರ್. ದೊಡ್ಡ ಫೈಲ್ ತೆರೆದರೆ ಕಣ್ಣು ಮಿಟುಕಿಸುವುದಕ್ಕಿಂತ ಸಾವಿರಾರು ಪಟ್ಟು ಬೇಗ ಹಲವು ಹತ್ತು ಆಂಪಿಯರಿಗೆ ಜಿಗಿಯುತ್ತದೆ. ಕರೆಂಟ್ ಒದಗಿಸುವ ಸರ್ಕೀಟಿಗೆ ಅಷ್ಟು ಬೇಗ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಆ ಕ್ಷಣದ ಕೊರತೆ ತುಂಬುವುದು ಈ ಡಬ್ಬಿಗಳಲ್ಲಿ ಕೂಡಿಟ್ಟ ಚಾರ್ಜ್. ಅದು ಸಾಲದೆ ಹೋದರೆ ವೋಲ್ಟೇಜ್ ಒಂದಿಷ್ಟು ಕುಸಿಯುತ್ತದೆ, ಎಲ್ಲೋ ಒಂದು ಕಡೆ 1 ಇರಬೇಕಾದಲ್ಲಿ 0 ಆಗುತ್ತದೆ. ನಿಮಗೆ ಕಾಣುವುದು ನೀಲಿ ಪರದೆ, ಇಲ್ಲವೇ ತಾನಾಗಿ ಆದ ರೀಸ್ಟಾರ್ಟ್.

ಡಬ್ಬಿಯ ತಳದಲ್ಲಿ ರಬ್ಬರ್ ಬಿರಡೆ ಇದೆ. ಅದರ ಮೂಲಕ ದ್ರವ ವರ್ಷಗಟ್ಟಲೆ ಆವಿಯಾಗಿ ಸೋರಿಹೋಗುತ್ತದೆ. ಬಿಸಿ 10 ಡಿಗ್ರಿ ಹೆಚ್ಚಿದರೆ ಆಯಸ್ಸು ಅರ್ಧ, ಇದು ಎಂಜಿನಿಯರುಗಳ ಬಾಯಿಲೆಕ್ಕ. ಇದರ ಬೇರು ಸ್ವೀಡನ್ನಿನ ರಸಾಯನವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಕೊಟ್ಟ ಸೂತ್ರದಲ್ಲಿದೆ. ಬಿಸಿ ಹೆಚ್ಚಿದಂತೆ ರಾಸಾಯನಿಕ ಕ್ರಿಯೆ ಎಷ್ಟು ಚುರುಕಾಗುತ್ತದೆ ಎಂದು ಹೇಳುವ ಸೂತ್ರ ಅದು. (ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದು 1896ರಲ್ಲಿ ಲೆಕ್ಕ ಹಾಕಿದ್ದೂ ಇದೇ ಮನುಷ್ಯ. ಬಿಸಿಯ ಮೇಲೆ ಎಂಥ ಮೋಹ ನೋಡಿ!) ಡಬ್ಬಿಯ ಮೈಮೇಲೆ 105 ಡಿಗ್ರಿ ಎಂದು ಬರೆದಿರುತ್ತದೆ. ಆ ಬಿಸಿಯಲ್ಲಿ 2,000 ಗಂಟೆ ಬಾಳುವ ಡಬ್ಬಿ 75 ಡಿಗ್ರಿಯಲ್ಲಿ 16,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ಎಂಟು ಗಂಟೆ ಅಂದರೆ ಮೊದಲನೆಯದು ಐದೂವರೆ ವರ್ಷ, ಎರಡನೆಯದು ಹನ್ನೊಂದು ವರ್ಷ. ಹತ್ತೇ ಡಿಗ್ರಿ ವ್ಯತ್ಯಾಸ. ವಾಸ್ತು ಪ್ರಕಾರ ಕಂಪ್ಯೂಟರ್ ಆಗ್ನೇಯಕ್ಕಿರಬೇಕು ಎಂದು ಅದನ್ನು ಅಡುಗೆಮನೆ ಗೋಡೆಗೆ ಆನಿಸಿ ಇಡುವವರು ಈ ಲೆಕ್ಕ ನೋಡಲಿ. ಒಗ್ಗರಣೆಯ ಜಿಡ್ಡು ಧೂಳಿನ ಜೊತೆ ಸೇರಿ ಫ್ಯಾನಿಗೆ ಮೆತ್ತಿದರೆ ಸೀಮೇಎಣ್ಣೆ ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಆಯುಧಪೂಜೆಗೆ ಹೂವಿಡಿ, ಬೇಡ ಅನ್ನುವುದಿಲ್ಲ. ಕುಂಕುಮ ಮಾತ್ರ ಫ್ಯಾನಿನ ಜಾಲರಿಯಿಂದ ದೂರ ಇರಲಿ.

ಇನ್ನು ಮೂರನೇ ಸಲದ ಗುಟ್ಟು. ದ್ರವ ಕಡಿಮೆಯಾದ ಡಬ್ಬಿಯ ಒಳರೋಧ ಹೆಚ್ಚಿರುತ್ತದೆ. ತಣ್ಣಗಿದ್ದಾಗ ಉಳಿದ ದ್ರವವೂ ಮಂದವಾಗಿ ಚಾರ್ಜ್ ಹೊರುವ ಅಯಾನುಗಳು ತೆವಳುತ್ತವೆ, ರೋಧ ಇನ್ನೂ ಏರುತ್ತದೆ, ಕೂಡಿಟ್ಟ ಚಾರ್ಜ್ ಬೇಗ ಹೊರಬರುವುದಿಲ್ಲ. ಮೊದಲ ಎರಡು ಪ್ರಯತ್ನಗಳ ಕರೆಂಟ್ ಅದನ್ನು ತುಸು ಬೆಚ್ಚಗೆ ಮಾಡುತ್ತದೆ, ಮೂರನೆಯದಕ್ಕೆ ದಾರಿ ಬಿಡುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಒದ್ದಾಡಿ ಏಪ್ರಿಲ್ ಮಧ್ಯಾಹ್ನ ಒಂದೇ ಏಟಿಗೆ ಆನ್ ಆಗುವ ಕಂಪ್ಯೂಟರಾದರೆ ಅನುಮಾನ ಗಟ್ಟಿ. ಸಡಿಲವಾದ ರ‍್ಯಾಮ್ ಕೂಡ ಕಾಟ ಕೊಡುತ್ತದೆ, ಆದರೆ ಅದಕ್ಕೆ ಚಳಿ ಬಿಸಿಲಿನ ಹಂಗಿಲ್ಲ. ಅದನ್ನು ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ.

2000ದ ದಶಕದ ಆರಂಭದಲ್ಲಿ ಈ ಡಬ್ಬಿಗಳಿಗೆ ಸಾಂಕ್ರಾಮಿಕವೇ ಬಡಿದಿತ್ತು. ನೀರು ಹೆಚ್ಚಿರುವ ಅಗ್ಗದ ಎಲೆಕ್ಟ್ರೋಲೈಟ್ ಬಳಸಿದ ಡಬ್ಬಿಗಳು ಬಂದವು. ನೀರು ಅಲ್ಯೂಮಿನಿಯಮ್ಮನ್ನು ತಿನ್ನದಂತೆ ತಡೆಯುವ ರಾಸಾಯನಿಕ ಅದರಲ್ಲಿ ಸರಿಯಾಗಿರಲಿಲ್ಲ. ಕದ್ದ ಸೂತ್ರ, ಅದೂ ಅರ್ಧಂಬರ್ಧ ಎಂಬ ಕತೆ ಆಗ ಹಬ್ಬಿತ್ತು. ಲೋಹ ಮತ್ತು ನೀರು ಸೇರಿ ಹೈಡ್ರೋಜನ್ ಹುಟ್ಟಿತು, ಡಬ್ಬಿಗಳು ಉಬ್ಬಿದವು. ಡಬ್ಬಿಯ ತಲೆಯ ಮೇಲೆ ಗೀರಿರುವ ಗೆರೆಗಳು ಇದಕ್ಕೇ ಇರುವುದು. ಒತ್ತಡ ಹೆಚ್ಚಿದರೆ ಅಲ್ಲಿ ಸೀಳಿಕೊಳ್ಳಲಿ ಎಂದು. ಆ ತಲೆ ಚಪ್ಪಟೆಯಾಗಿಲ್ಲದೆ ಉಬ್ಬಿದ್ದರೆ, ಕಂದು ಕಲೆ ಇದ್ದರೆ, ಮುಂದೆ ಪರೀಕ್ಷೆಯೇ ಬೇಡ.

ಈಗ ಹೊಸದು ಕೊಳ್ಳಬೇಕೋ ಬೇಡವೋ. ಕೆಟ್ಟ ಡಬ್ಬಿ ಎಲ್ಲಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಈಚಿನ ಮದರ್‌ಬೋರ್ಡುಗಳಲ್ಲಿ ದ್ರವವಿಲ್ಲದ ಪಾಲಿಮರ್ ಕಪಾಸಿಟರುಗಳೇ ಜಾಸ್ತಿ. ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿಕೊಡುವ ಎಸ್‌ಎಂಪಿಎಸ್‌ನಲ್ಲಿ ಮಾತ್ರ ಇನ್ನೂ ದ್ರವದ್ದೇ ರಾಜ್ಯಭಾರ. ಗೆಳೆಯರ ಮನೆಯಿಂದ ಒಂದು ಒಳ್ಳೆಯ ಎಸ್‌ಎಂಪಿಎಸ್ ತಂದು ಜೋಡಿಸಿ ನೋಡಿ. ಒಂದೇ ಏಟಿಗೆ ಆನ್ ಆದರೆ ಅದೊಂದನ್ನು ಬದಲಿಸಿದರೆ ಮುಗಿಯಿತು. ಹಳೆಯದನ್ನು ಬಿಚ್ಚಲು ಹೋಗಬೇಡಿ. ಅದರೊಳಗೆ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗೂ ಮೇಲ್ಪಟ್ಟು ಉಳಿದಿರಬಹುದು. ಮದರ್‌ಬೋರ್ಡಿನ ಡಬ್ಬಿ ಉಬ್ಬಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಪ್ ಲೆವೆಲ್ ಸರ್ವಿಸ್ ಮಾಡುವವರು ಬದಲಿಸಿ ಕೊಡುತ್ತಾರೆ. ಆದರೆ ಅಷ್ಟು ಹಳೇ ಬೋರ್ಡಿಗೆ ದುಡ್ಡು ಸುರಿಯುವುದು ನನ್ನ ಮಟ್ಟಿಗೆ ದಂಡ.

ಹಾರ್ಡ್ ಡಿಸ್ಕ್ ವಿಷಯದಲ್ಲಿ ಮಾತ್ರ ಕಾಯಬಾರದು. ಗೂಗಲ್ ತನ್ನ 1,00,000ಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ವರದಿ ಮಾಡಿತು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ 60 ದಿನದೊಳಗೆ ಕೆಡುವ ಸಾಧ್ಯತೆ ದೋಷವಿಲ್ಲದ್ದಕ್ಕಿಂತ 39 ಪಟ್ಟು. ಕೆಟ್ಟವುಗಳಲ್ಲಿ ಅರ್ಧಕ್ಕೂ ಹೆಚ್ಚು ಡಿಸ್ಕ್‌ಗಳು ತಮ್ಮ ಆರೋಗ್ಯದ ಬಗ್ಗೆ ತಾವೇ ಬರೆದಿಡುವ ಮುಖ್ಯವಾದ ನಾಲ್ಕು ಸೂಚಕಗಳಲ್ಲಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಮೊದಲು ಫೋಟೋಗಳ ನಕಲು, ಆಮೇಲೆ ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ. ಇದೇ ನೆಪದಲ್ಲಿ ಕಂಪ್ಯೂಟರ್ ಚುರುಕೂ ಆಗುತ್ತದೆ.

ಇನ್ನೊಂದು ತೊಡಕು ತಂತಿ ತಗಡಿನದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಭದ್ರತಾ ಅಪ್‌ಡೇಟ್ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪಿನ ಸೌಲಭ್ಯ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಇಲ್ಲದವರು ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಳ್ಳಬಹುದು, ಯೂನಿಕೋಡ್ ಕನ್ನಡ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಕಡತಗಳಿದ್ದರೆ ಮೊದಲೇ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಿ. ಲಿನಕ್ಸ್ ಆಗದು, ಬ್ಯಾಂಕಿನ ವ್ಯವಹಾರವೂ ಕಂಪ್ಯೂಟರಿನಲ್ಲೇ ಆಗಬೇಕು ಅನ್ನುವವರಿಗೆ ನಾನೂ ಹೊಸದು ತಗೊಳ್ಳಿ ಅನ್ನುತ್ತೇನೆ. ಹಳೆಯದನ್ನು ಗುಜರಿಗೆ ಹಾಕದೆ ಇ-ತ್ಯಾಜ್ಯದ ನೋಂದಾಯಿತ ಘಟಕಕ್ಕೆ ಕೊಡಿ. ಕೊಡುವ ಮುಂಚೆ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ, ಕ್ವಿಕ್ ಫಾರ್ಮ್ಯಾಟ್ ಹೊಡೆದರೂ ಒಳಗಿನ ಫೈಲುಗಳನ್ನು ಮತ್ತೆ ತೆಗೆಯಲು ಬರುತ್ತದೆ.